ಮೂತ್ರ ಮಾಡುವಾಗ ಉರಿ ನಿಲ್ಲುತ್ತಿಲ್ಲ, ಕಲ್ಚರ್ ಮಾತ್ರ ‘ಬೆಳವಣಿಗೆ ಇಲ್ಲ’ ಅಂತ ಬರುತ್ತಿದೆ

ನಸುಕು:

ಎಲ್ಲರಿಗೂ ನಮಸ್ಕಾರ. ಎದುರಿಗೆ ಕೂತು ಕೇಳೋಕೆ ಮುಜುಗರ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ 34 ವರ್ಷ. ಹೋದ ವರ್ಷದಿಂದ ಮೂತ್ರ ಮಾಡುವಾಗ ಉರಿ ಬರುತ್ತದೆ, ಹೋಗುತ್ತದೆ. ತೋರಿಸಿದಾಗಲೆಲ್ಲ ‘ಯೂರಿನ್ ಇನ್ಫೆಕ್ಷನ್’ ಅಂತ ಆಂಟಿಬಯಾಟಿಕ್ ಬರೆದುಕೊಡುತ್ತಾರೆ. ಕೋರ್ಸ್ ಪೂರ್ತಿ ಮುಗಿಸುತ್ತೇನೆ. ಸ್ವಲ್ಪ ದಿನ ಪರವಾಗಿಲ್ಲ ಅನಿಸುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಹಿಂದಿನ ಸಲ ಕಲ್ಚರ್ (ಮೂತ್ರವನ್ನು ಲ್ಯಾಬಿನ ತಟ್ಟೆಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ‘ಮಿಶ್ರ ಬೆಳವಣಿಗೆ, ಇನ್ನೊಮ್ಮೆ ಸ್ಯಾಂಪಲ್ ಕಳಿಸಿ’ ಅಂತ ಇತ್ತು. ಈ ಸಲ ‘ಬೆಳವಣಿಗೆ ಇಲ್ಲ’ ಅಂತ ಬಂದಿದೆ. ಆದರೂ ಇನ್ನೊಂದು ಆಂಟಿಬಯಾಟಿಕ್ ಬರೆದಿದ್ದಾರೆ. ಅದನ್ನು ಇನ್ನೂ ಶುರು ಮಾಡಿಲ್ಲ.

ಜ್ವರ ಇಲ್ಲ, ಬೆನ್ನು ನೋವಿಲ್ಲ. ಬಿಳಿ ಹೋಗುವುದು ಸ್ವಲ್ಪ ಜಾಸ್ತಿ ಆಗಿದೆ. ರಾತ್ರಿ ಮಲಗಿದಾಗ ತುರಿಕೆ. ಶುಚಿಯಾಗಿರಲಿ ಅಂತ ಬೆಳಿಗ್ಗೆ ಸಂಜೆ ಇಂಟಿಮೇಟ್ ವಾಶ್ ಹಾಕಿ ತೊಳೆಯುತ್ತೇನೆ.

ಕಲ್ಚರ್ ಸರಿಯಿದ್ದ ಮೇಲೆ ಉರಿ ಯಾಕೆ? ಬರೆದುಕೊಟ್ಟ ಮಾತ್ರೆ ಶುರು ಮಾಡಲಾ, ಬೇಡವಾ?

ಇನ್ನೊಂದು. ನಮ್ಮಮ್ಮನಿಗೆ 58. ಕೆಮ್ಮಿದರೆ, ಸೀನಿದರೆ ಒಂದಿಷ್ಟು ಮೂತ್ರ ಹೋಗಿಬಿಡುತ್ತದೆ. ಅವರಿಗೂ ಆಗಾಗ ಇನ್ಫೆಕ್ಷನ್. ‘ವಯಸ್ಸಾಯ್ತಲ್ಲ, ಇದೆಲ್ಲ ಇದ್ದಿದ್ದೇ’ ಅಂತ ಸುಮ್ಮನಿರುತ್ತಾರೆ. ಅವರಿಗೆ ಏನಾದರೂ ಪರಿಹಾರ ಇದೆಯಾ?

ಲ್ಯಾಬ್ ಅಕ್ಕ:

ನಸುಕು ಅವರೇ, ನಾನು ಡಾಕ್ಟರ್ ಅಲ್ಲ. ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ನಿಮ್ಮಂಥವರ ಸ್ಯಾಂಪಲ್ಲುಗಳನ್ನು ದಿನಾ ನೋಡುವವಳು. ಅದಕ್ಕೇ ನಿಮ್ಮ ಎರಡೂ ರಿಪೋರ್ಟಿನ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಓದಿ.

ಮೊದಲು ‘ಮಿಶ್ರ ಬೆಳವಣಿಗೆ’. ಮೂತ್ರಕೋಶದಲ್ಲಿ ನಿಜವಾದ ಇನ್ಫೆಕ್ಷನ್ ಇದ್ದರೆ ತಟ್ಟೆಯಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹೆಚ್ಚಿನ ಸಲ ಅದು ಇ. ಕೋಲೈ (E. coli). ನಮ್ಮ ಕರುಳಿನಲ್ಲೇ ಇರುವಂಥದ್ದು. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಗಂಡಸರದ್ದು 20ರ ಹತ್ತಿರ. ಹಾಗಾಗಿ ಅದಕ್ಕೆ ಒಳಗೆ ಹತ್ತುವುದು ನಮ್ಮಲ್ಲಿ ಸುಲಭ. ಆದರೆ ತಟ್ಟೆಯಲ್ಲಿ ಮೂರ್ನಾಲ್ಕು ಜಾತಿ ಒಟ್ಟಿಗೆ ಬೆಳೆದರೆ, ಅವು ಬಹುಪಾಲು ಚರ್ಮದಿಂದಲೋ ಯೋನಿಯಿಂದಲೋ ಸ್ಯಾಂಪಲ್ ಜೊತೆ ಬಂದವು. ಅದೇ ಮೂತ್ರವನ್ನು ಸ್ಲೈಡಿನಲ್ಲಿ ನೋಡಿದರೆ ದೊಡ್ಡ ದೊಡ್ಡ ಚಪ್ಪಟೆ ಎಪಿಥೀಲಿಯಲ್ ಕೋಶಗಳು ತುಂಬಿರುತ್ತವೆ. ಅವು ಹೊರಗಿನ ಕೋಶಗಳು. ಅವು ಜಾಸ್ತಿ ಕಂಡಾಗ ಸ್ಯಾಂಪಲ್ ಹಿಡಿದದ್ದು ಸರಿಯಾಗಲಿಲ್ಲ ಅಂತ ನಮಗೆ ಅಲ್ಲೇ ಗೊತ್ತಾಗುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕೈಗೆ ಒಂದು ಡಬ್ಬಿ ಕೊಟ್ಟು ‘ಹಿಡಿದುಕೊಂಡು ಬನ್ನಿ’ ಅಂದುಬಿಡುತ್ತಾರೆ. ಹೇಗೆ ಅಂತ ಯಾರೂ ಹೇಳುವುದಿಲ್ಲ. ನನಗೆ ಬೇಜಾರಾಗುವುದೇ ಅಲ್ಲಿ.

ಹೇಗೆ ಅಂದರೆ ಹೀಗೆ. ಕೈ ತೊಳೆಯಿರಿ. ಡಬ್ಬಿ ತೆರೆದು ಮುಚ್ಚಳವನ್ನು ಅಂಗಾತ ಇಡಿ, ಒಳಭಾಗಕ್ಕೆ ಬೆರಳು ತಾಗಬಾರದು. ಕಾಲು ಅಗಲಿಸಿ ಕೂತು, ಒಂದು ಕೈಯಿಂದ ಯೋನಿಯ ಮಡಿಕೆಗಳನ್ನು ಬಿಡಿಸಿ ಹಿಡಿಯಿರಿ. ಕೊನೆಯವರೆಗೂ ಆ ಕೈ ಬಿಡಬೇಡಿ, ಮುಖ್ಯವಾದದ್ದು ಅದೇ. ಮೊದಲು ಬರುವ ಸ್ವಲ್ಪ ಮೂತ್ರವನ್ನು ಹೊರಗೆ ಬಿಡಿ. ಧಾರೆ ನಿಲ್ಲಿಸದೆ ಮಧ್ಯದ್ದನ್ನು ಡಬ್ಬಿಗೆ ಹಿಡಿಯಿರಿ. ಕೊನೆಯದ್ದು ಬೇಡ. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಬೇಕು, ಇಲ್ಲವಾದರೆ ಫ್ರಿಜ್ಜಿನಲ್ಲಿಡಬೇಕು. ಹೊರಗೇ ಇಟ್ಟರೆ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ದುಪ್ಪಟ್ಟಾಗುತ್ತಾ ಹೋಗುತ್ತವೆ. ಆಗ ನಾನು ಎಣಿಸುವುದು ನಿಮ್ಮ ಮೂತ್ರಕೋಶದ ಲೆಕ್ಕ ಆಗಿರುವುದಿಲ್ಲ.

ಈಗ ‘ಬೆಳವಣಿಗೆ ಇಲ್ಲ’. ಆಂಟಿಬಯಾಟಿಕ್ ಶುರುವಾದ ಮೇಲೆ ಸ್ಯಾಂಪಲ್ ಕೊಟ್ಟರೆ ಹಾಗೆ ಬರಬಹುದು. ಹಾಗಾಗಿ ಮಾತ್ರೆಯ ಮೊದಲ ಡೋಸಿಗಿಂತ ಮುಂಚೆಯೇ ಸ್ಯಾಂಪಲ್ ಕೊಡಬೇಕು. ಕಡಿಮೆ ಸಂಖ್ಯೆಯ ಬ್ಯಾಕ್ಟೀರಿಯಾವನ್ನು ಲ್ಯಾಬು ಲೆಕ್ಕಕ್ಕೆ ತೆಗೆದುಕೊಳ್ಳದೇ ಇರಲೂಬಹುದು. ಒಂದು ಮಿಲಿಲೀಟರಿಗೆ ಒಂದು ಲಕ್ಷ ಅನ್ನುವುದು ಹಳೆಯ ಗಡಿ. ಉರಿ, ಪದೇ ಪದೇ ಹೋಗಬೇಕು ಅನ್ನಿಸುವುದು ಇದ್ದಾಗ ಅದಕ್ಕಿಂತ ಎಷ್ಟೋ ಕಡಿಮೆ ಇ. ಕೋಲೈ ಕಂಡರೂ ಅದಕ್ಕೆ ಅರ್ಥ ಇದೆ. ಇವೆರಡೂ ಅಲ್ಲದಿದ್ದರೆ ಉರಿಯ ಮೂಲ ಮೂತ್ರಕೋಶದಲ್ಲಿ ಇಲ್ಲದಿರಬಹುದು.

ಅದಕ್ಕೇ ಒಂದು ಪ್ರಶ್ನೆ. ಉರಿ ಎಲ್ಲಿ? ಮೂತ್ರ ಹೊರಡುವಾಗ ಒಳಗೆ, ಹೊಟ್ಟೆಯ ಕೆಳಭಾಗ ಹಿಂಡಿದ ಹಾಗೆ, ಹೋಗಿ ಬಂದ ಐದು ನಿಮಿಷಕ್ಕೇ ಮತ್ತೆ ಅರ್ಜೆಂಟು? ಇದು ಮೂತ್ರಕೋಶದ ಕಡೆ ಬೆರಳು ತೋರಿಸುತ್ತದೆ. ಇಲ್ಲಾ, ಮೂತ್ರ ಹೊರಗಿನ ಚರ್ಮಕ್ಕೆ ತಾಗಿದಾಗ ಚುರುಚುರು ಅನ್ನುತ್ತದಾ? ಜೊತೆಗೆ ತುರಿಕೆ, ಬಿಳಿ ಹೋಗುವುದು? ಹಾಗಿದ್ದರೆ ಯೋನಿಯನ್ನು ಪರೀಕ್ಷಿಸಬೇಕು. ನೀವು ಬರೆದದ್ದು ಓದಿದರೆ ನನಗೆ ಎರಡನೆಯದೇ ಅನಿಸುತ್ತಿದೆ. ಸ್ವಾಬ್ (ಹತ್ತಿ ಕಡ್ಡಿಯಿಂದ ಯೋನಿಯ ದ್ರವದ ಸ್ಯಾಂಪಲ್) ತೆಗೆಯದೆ ಅದನ್ನು ಯಾರೂ ಖಚಿತವಾಗಿ ಹೇಳಲಾರರು.

ಸ್ವಾಬ್ ಬಂದಾಗ ನಾವು ಮಾಡುವುದು ಸರಳ ಕೆಲಸ. ಒಂದು ಹನಿ ಸಲೈನಿನಲ್ಲಿ ಕದಡಿ ಸ್ಲೈಡಿನ ಮೇಲೆ ಹಾಕಿ ಆಗಲೇ ನೋಡುತ್ತೇವೆ. ಟ್ರೈಕೊಮೊನಾಸ್ ಅನ್ನುವ ಸೂಕ್ಷ್ಮ ಪರಾವಲಂಬಿ ಇದ್ದರೆ ಬಾಲದಂಥ ಎಳೆ ಬೀಸುತ್ತಾ, ಗಕ್ಕನೆ ದಿಕ್ಕು ಬದಲಿಸುತ್ತಾ ಕಣ್ಣೆದುರೇ ಓಡಾಡುತ್ತಿರುತ್ತದೆ. ಸ್ಯಾಂಪಲ್ ತಡವಾಗಿ ಬಂದು ತಣ್ಣಗಾದರೆ ಅದರ ಓಡಾಟ ನಿಲ್ಲುತ್ತದೆ. ಆಗ ಬಿಳಿ ರಕ್ತಕಣದಿಂದ ಬೇರೆ ಮಾಡಿ ಗುರುತಿಸುವುದು ಕಷ್ಟ. ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್ (ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪುವುದು) ಆಗಿದ್ದರೆ ಕೋಶಗಳ ಮೇಲೆಲ್ಲ ಬ್ಯಾಕ್ಟೀರಿಯಾ ಮೆತ್ತಿಕೊಂಡು ಅಂಚೇ ಕಾಣುವುದಿಲ್ಲ. ಅವನ್ನು ಕ್ಲೂ ಸೆಲ್ ಅನ್ನುತ್ತೇವೆ. ಇನ್ನೊಂದು ಸ್ಲೈಡಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕುತ್ತೇವೆ. ಅದು ಉಳಿದ ಕೋಶಗಳನ್ನು ಕರಗಿಸುತ್ತದೆ, ಫಂಗಸ್ಸಿನ ಎಳೆಗಳು, ಮೊಗ್ಗೊಡೆದ ಯೀಸ್ಟ್ (ಫಂಗಸ್ಸಿನ ಒಂದು ಬಗೆ) ಸ್ಪಷ್ಟವಾಗಿ ಉಳಿಯುತ್ತವೆ. ಆ ಹನಿ ಬಿದ್ದ ಕೂಡಲೇ ಮೀನಿನ ವಾಸನೆ ಎದ್ದರೆ ಅದು ವ್ಯಾಜಿನೋಸಿಸ್ಸಿನ ಇನ್ನೊಂದು ಗುರುತು. ಹುಳಿತನ ಅಳೆಯುವ ಪಿಎಚ್ ಕಾಗದವೂ ಸಹಾಯಕ್ಕೆ ಬರುತ್ತದೆ. ಯೀಸ್ಟಿನಲ್ಲಿ ಸಾಮಾನ್ಯವಾಗಿ 4.5 ದಾಟುವುದಿಲ್ಲ, ಉಳಿದೆರಡರಲ್ಲಿ ದಾಟುತ್ತದೆ.

ಮೂರಕ್ಕೂ ಮದ್ದು ಬೇರೆ ಬೇರೆ ನೋಡಿ. ಪರೀಕ್ಷೆ ಇಲ್ಲದೆ ಬರೀ ಲಕ್ಷಣ ನೋಡಿ ಗುರುತಿಸುತ್ತೇನೆ ಅನ್ನುವುದು ನಂಬುವ ಮಾತಲ್ಲ. ಅಮೆರಿಕದಲ್ಲಿ 2002ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ತಮಗೆ ಯೀಸ್ಟ್ ಇನ್ಫೆಕ್ಷನ್ನೇ ಅಂತ ಅಂಗಡಿಯಿಂದ ತಾವೇ ಮದ್ದು ಕೊಂಡವರನ್ನು ಪರೀಕ್ಷಿಸಿದರು. ನಿಜವಾಗಿ ಯೀಸ್ಟ್ ಇದ್ದದ್ದು ಸುಮಾರು ಮೂರನೇ ಒಂದು ಭಾಗದವರಿಗೆ ಮಾತ್ರ.

ಇನ್ನು ಆಂಟಿಬಯಾಟಿಕ್. ಆರೋಗ್ಯವಾದ ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿರುತ್ತವೆ. ಡೋಡರ್ಲೈನ್ ಅನ್ನುವ ಜರ್ಮನ್ ವೈದ್ಯರು 1892ರಲ್ಲೇ ಇವನ್ನು ವಿವರಿಸಿದ್ದರು. ಲ್ಯಾಕ್ಟಿಕ್ ಆಮ್ಲ ಮಾಡಿ ಕೆಟ್ಟವನ್ನು ದೂರ ಇಡುವುದು ಇವುಗಳ ಕೆಲಸ. ಆಂಟಿಬಯಾಟಿಕ್ ಇವನ್ನೂ ಹೊಡೆಯುತ್ತದೆ, ಯೀಸ್ಟನ್ನು ಮುಟ್ಟುವುದಿಲ್ಲ. ಹಾಗಾಗಿ ಕೋರ್ಸ್ ಆದ ಮೇಲೆ ತುರಿಕೆ ಶುರುವಾಗುವುದು ಬಹಳ ಜನರಲ್ಲಿ ಕಾಣುವ ಸಂಗತಿ. ಬರೆದುಕೊಟ್ಟ ಮಾತ್ರೆಯನ್ನು ನೀವಾಗಿಯೇ ಬಿಡಿ ಅಂತ ನಾನು ಹೇಳಲಾರೆ. ‘ಕಲ್ಚರ್‌ನಲ್ಲಿ ಏನೂ ಇಲ್ಲವಲ್ಲ ಡಾಕ್ಟ್ರೇ, ಯೋನಿಯ ಸ್ವಾಬ್ ನೋಡಿಬಿಡೋಣವಾ?’ ಅಂತ ಇವತ್ತೇ ಫೋನ್ ಮಾಡಿ ಕೇಳಿ.

ಆ ವಾಶ್ ಮಾತ್ರ ಈಗಲೇ ನಿಲ್ಲಿಸಿ. ಹೊರಗೆ ಬರೀ ನೀರು ಸಾಕು. ಒಳಗೆ ನೀರನ್ನೂ ಹಾಯಿಸಬೇಡಿ.

ನಸುಕು:

ಅಕ್ಕಾ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ನೀವು ಕೇಳಿದ ಮೇಲೆ ಗಮನಿಸಿದೆ. ಉರಿ ಹೊರಗಡೆಯೇ. ಮೂತ್ರ ತಾಗಿದಾಗ ಚುರ್ ಅನ್ನುತ್ತದೆ. ಪದೇ ಪದೇ ಹೋಗಬೇಕು ಅಂತೇನೂ ಅನ್ನಿಸುವುದಿಲ್ಲ.

ಸ್ವಾಬ್ ತೆಗೆಯುವಾಗ ನೋವಾಗುತ್ತದಾ? ಮನೆಯಲ್ಲಿ ಒಂದು ತುರಿಕೆ ಕ್ರೀಮ್ ಇದೆ, ಅಲ್ಲಿಯವರೆಗೆ ಹಚ್ಚಬಹುದಾ? ಮತ್ತೆ ನಮ್ಮ ಯಜಮಾನರಿಗೂ ಮದ್ದು ಬೇಕಾಗುತ್ತದಾ?

ಲ್ಯಾಬ್ ಅಕ್ಕ:

ಸ್ವಾಬ್ ಅಂದರೆ ಉದ್ದನೆಯ ಹತ್ತಿ ಕಡ್ಡಿ, ಅಷ್ಟೇ. ಕೆಲವು ಸೆಕೆಂಡಿನ ಕೆಲಸ. ಚರ್ಮ ಕೆಂಪಾಗಿದ್ದರೆ ಸ್ವಲ್ಪ ಚುಚ್ಚಿದ ಹಾಗೆ ಅನಿಸಬಹುದು. ಮುಟ್ಟಿನ ದಿನ ಬೇಡ, ಹಿಂದಿನ ರಾತ್ರಿ ಸಂಪರ್ಕವೂ ಬೇಡ. ರಕ್ತ, ವೀರ್ಯ ಎರಡೂ ಪಿಎಚ್ ಏರಿಸುತ್ತವೆ. ಯೋನಿಯೊಳಗೆ ಇಡುವ ಮಾತ್ರೆ, ಕ್ರೀಮ್ ಏನನ್ನೂ ಮುಂಚೆ ಹಾಕಬೇಡಿ, ಹಾಕಿದರೆ ಸ್ಲೈಡಿನಲ್ಲಿ ನಮಗೆ ಕಾಣುವುದು ಆ ಕ್ರೀಮೇ. ಉಳಿದದ್ದು ಡಾಕ್ಟರ್ ಯಾರಾದರೂ ಹೇಳಲಿ.

ಹೆರಿಗೆ ವಾರ್ಡ್:

ನಾನು ಸ್ತ್ರೀರೋಗ ವೈದ್ಯೆ. ಲ್ಯಾಬ್ ಅಕ್ಕ ಹೇಳಿದ್ದು ಸರಿಯಾಗಿದೆ. ಕೆಲವು ಮಾತು ಸೇರಿಸುತ್ತೇನೆ.

ಮನೆಯಲ್ಲಿರುವ ಆ ಕ್ರೀಮಿನ ಟ್ಯೂಬ್ ತಿರುಗಿಸಿ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಂತ ಇದ್ದರೆ ಅದರಲ್ಲಿ ಸ್ಟೆರಾಯ್ಡ್ ಇದೆ. ಹಚ್ಚಿದ ದಿನ ತುರಿಕೆ ಅಡಗುತ್ತದೆ, ಒಳಗೊಳಗೇ ಫಂಗಸ್ ಹರಡುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಲೈಕೆನ್ ಸ್ಕ್ಲೆರೋಸಸ್ ಅನ್ನುವ ಚರ್ಮದ ಕಾಯಿಲೆಗೆ ಇದೇ ಕ್ಲೋಬೆಟಾಸಾಲನ್ನು ನಾವೇ ಬರೆಯುತ್ತೇವೆ. ಅದರಲ್ಲಿ ಚರ್ಮ ಬೆಳ್ಳಗಾಗಿ ತೀರಾ ತುರಿಸುತ್ತದೆ. ಅದು ನೋಡಿ ನಿರ್ಧರಿಸಿ ಕೊಡುವ ಮದ್ದು, ಅಂದಾಜಿಗೆ ಹಚ್ಚುವುದಲ್ಲ.

ಯೀಸ್ಟ್ ಬಂತು ಅಂತ ಹೆದರಬೇಡಿ. ಸುಮಾರು ನಾಲ್ವರಲ್ಲಿ ಮೂವರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುತ್ತದೆ. ತುರಿಕೆ, ಕೆಂಪು, ಒಡೆದ ಮೊಸರಿನಂಥ ಬಿಳಿ, ವಾಸನೆ ಇರುವುದಿಲ್ಲ. ಯೋನಿಯಲ್ಲಿಡುವ ಕ್ಲೋಟ್ರಿಮಜೋಲ್ ಅಥವಾ ನುಂಗುವ ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದೇ ಡೋಸಿಗೆ ಸಾಮಾನ್ಯವಾಗಿ ಹೋಗುತ್ತದೆ. ಗರ್ಭಿಣಿಯರಿಗೆ ನುಂಗುವ ಮಾತ್ರೆ ಕೊಡುವುದಿಲ್ಲ, ಒಳಗಿಡುವುದನ್ನೇ ಏಳು ದಿನ ಕೊಡುತ್ತೇವೆ. ಕ್ಲೋಟ್ರಿಮಜೋಲ್ ಬಳಸುವಾಗ ಲೇಟೆಕ್ಸ್ ಕಾಂಡೋಮ್ ದುರ್ಬಲವಾಗಬಹುದು, ಅದೊಂದು ನೆನಪಿರಲಿ. ಯಜಮಾನರಿಗೆ ತುರಿಕೆ, ಕೆಂಪು ಇಲ್ಲದಿದ್ದರೆ ಯೀಸ್ಟಿಗೆ ಅವರಿಗೆ ಮದ್ದು ಬೇಕಿಲ್ಲ.

ಟ್ರೈಕೊಮೊನಾಸ್ ಆದರೆ ಲೆಕ್ಕ ಬೇರೆ. ಅದು ಸಂಪರ್ಕದಿಂದ ಹರಡುವುದು. ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಅದು ಮುಗಿಯುವವರೆಗೆ ಸಂಪರ್ಕ ಬೇಡ. ವ್ಯಾಜಿನೋಸಿಸ್ ಮೆಟ್ರೊನಿಡಜೋಲಿಗೆ ಇಳಿದರೂ ಒಂದು ವರ್ಷದೊಳಗೆ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಮರಳುತ್ತದೆ. ಆ ಹೆಂಗಸರು ‘ನಾನು ಸರಿಯಾಗಿ ತೊಳೆದುಕೊಳ್ಳುತ್ತಿಲ್ಲವೇನೋ’ ಅಂತ ಕೊರಗುವುದನ್ನು ನೋಡುತ್ತೇನೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಗಂಡಸಿಗೂ ಮಾತ್ರೆ ಮತ್ತು ಹಚ್ಚುವ ಕ್ರೀಮ್ ಎರಡನ್ನೂ ಕೊಟ್ಟು ನೋಡಿದರು. ಹನ್ನೆರಡು ವಾರದಲ್ಲಿ ಮರಳಿದ್ದು ಶೇ. 35 ಜನರಿಗೆ. ಹೆಂಗಸಿಗೆ ಮಾತ್ರ ಮದ್ದು ಕೊಟ್ಟ ಗುಂಪಿನಲ್ಲಿ ಶೇ. 63. ಹಾಗಾಗಿ ಪದೇ ಪದೇ ಮರಳುವವರು ಸಂಗಾತಿಯ ಚಿಕಿತ್ಸೆಯ ಬಗ್ಗೆ ಡಾಕ್ಟರನ್ನು ಕೇಳಲೇಬೇಕು.

ಕಲ್ಚರ್ ತಟ್ಟೆಯಲ್ಲಿ ಕಾಣದೆ ಉರಿ ಕೊಡುವಂಥವು ಬೇರೆಯೂ ಇವೆ. ಸಂಪರ್ಕದಿಂದ ಹರಡುವ ಕ್ಲಮೈಡಿಯಾ, ಗೊನೊರಿಯಾ ಸಾಮಾನ್ಯ ಯೂರಿನ್ ಕಲ್ಚರಿನಲ್ಲಿ ಸಿಗುವುದಿಲ್ಲ, ಬೇರೆ ಟೆಸ್ಟ್ ಬೇಕು. ಸಣ್ಣ ಗುಳ್ಳೆ, ಹುಣ್ಣು ಕಂಡರೆ ಹರ್ಪೀಸ್ ಇರಬಹುದು. ತುರಿಕೆ ಮರಳುತ್ತಿದ್ದರೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಡಯಾಬಿಟಿಸ್ ಇದ್ದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಅದನ್ನು ಹೇಳಬೇಕು. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು, ಯೀಸ್ಟಿಗೆ ಅದು ಅನುಕೂಲ.

ನಿಜವಾದ ಯೂರಿನ್ ಇನ್ಫೆಕ್ಷನ್ ಮರುಕಳಿಸುವವರಿಗೆ ನೀರು ಉಪಯೋಗಕ್ಕೆ ಬರುತ್ತದೆ, ಇದು ಸುಮ್ನೆ ಹೇಳುವ ಮಾತಲ್ಲ. 2018ರ ಒಂದು ಪ್ರಯೋಗದಲ್ಲಿ, ನೀರು ಕಡಿಮೆ ಕುಡಿಯುತ್ತಿದ್ದ ಹೆಂಗಸರಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿಸಿದರು. ಒಂದು ವರ್ಷದಲ್ಲಿ ಅವರಿಗೆ ಇನ್ಫೆಕ್ಷನ್ ಬಂದದ್ದು ಸರಾಸರಿ 1.7 ಸಲ, ಎಂದಿನಷ್ಟೇ ಕುಡಿದ ಗುಂಪಿನಲ್ಲಿ 3.2 ಸಲ. ಹೃದಯ, ಕಿಡ್ನಿ ತೊಂದರೆಗೆ ನೀರು ಮಿತಿ ಮಾಡಿದವರು ಮಾತ್ರ ಕೇಳಿಕೊಂಡು ಕುಡಿಯಿರಿ.

ಕಾಯಬಾರದ ಲಕ್ಷಣಗಳು: ಚಳಿ ಜ್ವರ, ಪಕ್ಕೆ ನೋವು, ವಾಂತಿ. ಇನ್ಫೆಕ್ಷನ್ ಕಿಡ್ನಿಗೆ ಏರಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಗೆ ಉರಿ ಬಂದರೂ ಅಷ್ಟೇ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಿ.

ಹೊಸಿಲು:

ಮಗಳೇ, ಎಲ್ಲರೂ ನಿನ್ನ ಬಗ್ಗೆ ಹೇಳಿದರು, ನಾನು ನಿನ್ನಮ್ಮನ ಬಗ್ಗೆ ಹೇಳುತ್ತೇನೆ. ನನಗೆ 61. ಅವರಿಗೆ ಆಗುತ್ತಿರುವುದೆಲ್ಲ ನನಗೂ ಆಗಿದೆ.

‘ವಯಸ್ಸಾಯ್ತಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಅನ್ನುವ ಹಾರ್ಮೋನು ಇಳಿಯುತ್ತದೆ. ಯೋನಿಯ ಗೋಡೆ ತೆಳುವಾಗಿ ಒಣಗುತ್ತದೆ. ಲ್ಯಾಬ್ ಅಕ್ಕ ಹೇಳಿದ ಆ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ಉರಿ, ಅರ್ಜೆಂಟು, ಮೇಲಿಂದ ಮೇಲೆ ಇನ್ಫೆಕ್ಷನ್, ಎಲ್ಲದಕ್ಕೂ ಇದೇ ದಾರಿ. ಇದಕ್ಕೆ ಯೋನಿಯೊಳಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್, ಒಳಗಿಡುವ ಸಣ್ಣ ಮಾತ್ರೆ ಇವೆ. ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ ಅಂತ ನನಗೆ ಬರೆದಿದ್ದರು. ಒಂದೇ ದಿನಕ್ಕೆ ಗುಣ ಕಾಣುವುದಿಲ್ಲ, ವಾರಗಳು ಬೇಕು. ನನಗೆ ಇನ್ಫೆಕ್ಷನ್ ಬರುವುದು ಬಹಳ ಕಡಿಮೆಯಾಯಿತು. ಸ್ತನದ ಕ್ಯಾನ್ಸರ್ ಆಗಿದ್ದವರು ಮಾತ್ರ ಅವರ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬಾರದು.

ಕೆಮ್ಮಿದಾಗ ಹೋಗುವುದು ಬೇರೆ ವಿಷಯ. ಅದು ಕೆಳಗಿನ ಸ್ನಾಯು ಸಡಿಲವಾಗಿ ಬರುವುದು. ಕೆಗೆಲ್ ಅನ್ನುವ ವೈದ್ಯರು 1948ರಲ್ಲಿ ಇದಕ್ಕೆ ವ್ಯಾಯಾಮ ಹೇಳಿದರು. ಹೇಗೆ ಅಂತ ಫಿಸಿಯೋಥೆರಪಿಸ್ಟ್ ನನಗೆ ಕಲಿಸಿದ್ದನ್ನೇ ಹೇಳುತ್ತೇನೆ. ನಾಲ್ಕು ಜನರ ನಡುವೆ ಕೂತಿದ್ದೀಯ, ಗಾಳಿ ಬಿಡುವ ಹಾಗಾಗಿದೆ, ತಡೆಯುತ್ತೀಯಲ್ಲ, ಆ ಬಿಗಿ. ಹಿಂದಿನಿಂದ ಮುಂದಕ್ಕೆ, ಆಮೇಲೆ ಮೇಲಕ್ಕೆ ಎಳೆದುಕೊಳ್ಳಬೇಕು. ಹೊಟ್ಟೆ ಗಟ್ಟಿ ಮಾಡಬಾರದು, ಕುಂಡಿ ಬಿಗಿಯಬಾರದು, ಉಸಿರು ಹಿಡಿಯಬಾರದು. ಮೊದಲಿಗೆ ಮೂರು ನಾಲ್ಕು ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ನಿಧಾನಕ್ಕೆ ಹತ್ತು ಸೆಕೆಂಡಿಗೆ ಏರಿಸಬೇಕು. ಒಂದು ಹೊತ್ತಿಗೆ ಎಂಟು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಮೂತ್ರ ಮಾಡುವಾಗ ಮಧ್ಯೆ ತಡೆದು ತಡೆದು ಅಭ್ಯಾಸ ಮಾಡಬಾರದು. ಕೆಮ್ಮು ಬರುತ್ತಿದೆ ಅಂತ ಗೊತ್ತಾದ ಕ್ಷಣ ಮೊದಲು ಬಿಗಿ, ಆಮೇಲೆ ಕೆಮ್ಮು. ಇದೊಂದು ಅಭ್ಯಾಸ ಆದರೆ ಬಟ್ಟೆ ಒದ್ದೆಯಾಗುವುದು ಎಷ್ಟೋ ಕಡಿಮೆ.

ಅಮ್ಮನನ್ನು ಒಂಟಿಯಾಗಿ ಕಳಿಸಬೇಡ, ಜೊತೆಗೆ ಹೋಗು. ಡಾಕ್ಟರ್ ಎದುರು ‘ಆಗಾಗ ಉರಿ’ ಅಂತಷ್ಟೇ ಹೇಳಿ ಎದ್ದುಬಿಡುತ್ತಾರೆ. ನೀನು ಪಕ್ಕದಲ್ಲಿದ್ದರೆ ಉಳಿದದ್ದೂ ಹೊರಗೆ ಬರುತ್ತದೆ.

ನಸುಕು:

ಎಲ್ಲರಿಗೂ ಹೇಳಬೇಕು ಅಂತ ಮತ್ತೆ ಬಂದೆ. ಫೋನ್ ಮಾಡಿ ಕೇಳಿದೆ. ಆಂಟಿಬಯಾಟಿಕ್ ತಡೆದು ಮೊದಲು ಸ್ವಾಬ್ ಕೊಡಿ ಅಂದರು. ಯೀಸ್ಟ್ ಬಂದಿದೆ, ಎಳೆಗಳೂ ಕಂಡಿವೆ ಅಂತ ರಿಪೋರ್ಟ್. ಸಕ್ಕರೆ ಸರಿಯಿದೆ. ಒಳಗಿಡುವ ಮಾತ್ರೆ ಕೊಟ್ಟರು. ತುರಿಕೆ ಇಳಿದಿದೆ, ಉರಿ ಇನ್ನೂ ಸ್ವಲ್ಪ ಇದೆ. ವಾಶ್ ನಿಲ್ಲಿಸಿದ್ದೇನೆ. ಅಮ್ಮನಿಗೆ ಹೊಸಿಲು ಅಮ್ಮನ ಉತ್ತರ ಓದಿ ಹೇಳಿದೆ. ‘ಇದಕ್ಕೂ ವ್ಯಾಯಾಮ ಇದೆಯಾ’ ಅಂತ ಎರಡು ಸಲ ಕೇಳಿದರು. ಜೊತೆಗೆ ಹೋಗುತ್ತಿದ್ದೇನೆ.

ಮತ್ತೆ ಬಂದರೆ ಇದೇ ಮಾತ್ರೆ ತೆಗೆದುಕೊಳ್ಳಬಹುದಾ?

ಲ್ಯಾಬ್ ಅಕ್ಕ:

ಒಳ್ಳೆಯದಾಯಿತು. ಕೆರೆದ ಚರ್ಮ ಮಾಯಲು ಸ್ವಲ್ಪ ದಿನ ಹಿಡಿಯುತ್ತದೆ, ಆ ಉರಿ ಇಳಿಯುತ್ತದೆ. ಒಂದೆರಡು ವಾರ ಆದರೂ ಇಳಿಯದಿದ್ದರೆ ಮತ್ತೆ ತೋರಿಸಿ.

ಮತ್ತೆ ಬಂದರೆ ಮಾತ್ರೆಗಿಂತ ಮೊದಲು ಸ್ವಾಬ್ ಕೊಡಿ. ಆಗ ಬರೀ ಸ್ಲೈಡ್ ಸಾಕಾಗುವುದಿಲ್ಲ, ‘ಫಂಗಲ್ ಕಲ್ಚರ್ ಮಾಡಿ, ಯಾವ ಜಾತಿ ಅಂತ ಬರೆದುಕೊಡಿ’ ಅಂತ ಕೇಳಿ. ಸಾಮಾನ್ಯವಾಗಿ ಸಿಗುವುದು ಕ್ಯಾಂಡಿಡಾ ಆಲ್ಬಿಕಾನ್ಸ್. ಗ್ಲಾಬ್ರಾಟಾ ಅನ್ನುವ ಇನ್ನೊಂದು ಜಾತಿ ಫ್ಲುಕೊನಜೋಲಿಗೆ ಅಷ್ಟಾಗಿ ಬಗ್ಗುವುದಿಲ್ಲ. ಅದು ಎಳೆ ಬಿಡುವುದಿಲ್ಲ, ಸ್ಲೈಡಿನಲ್ಲಿ ಚಿಕ್ಕ ಚಿಕ್ಕ ಯೀಸ್ಟ್ ಮಾತ್ರ ಕಾಣುತ್ತದೆ. ನಿಮ್ಮದರಲ್ಲಿ ಎಳೆ ಕಂಡಿದೆ ಅಂದರೆ ಆಲ್ಬಿಕಾನ್ಸ್ ಇರುವ ಸಾಧ್ಯತೆ ಜಾಸ್ತಿ. ವರ್ಷಕ್ಕೆ ಮೂರು ಸಲ, ಅದಕ್ಕಿಂತ ಹೆಚ್ಚು ಬಂದರೆ ವಾರಕ್ಕೊಂದು ಫ್ಲುಕೊನಜೋಲ್ ಮಾತ್ರೆಯಂತೆ ಆರು ತಿಂಗಳು ಕೊಡುವ ಕ್ರಮ ಇದೆ. ಅದನ್ನು ಡಾಕ್ಟರೇ ನಿರ್ಧರಿಸಬೇಕು. ಹಳೆಯ ರಿಪೋರ್ಟುಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ, ಆ ‘ಮಿಶ್ರ ಬೆಳವಣಿಗೆ’ ಇದ್ದದ್ದನ್ನೂ ಸೇರಿಸಿ. ಅಮ್ಮನ ಯೂರಿನ್ ಕಲ್ಚರ್ ಕಳಿಸುವ ದಿನ ಡಬ್ಬಿ ಹಿಡಿಯುವ ಕ್ರಮ ಅವರಿಗೂ ಹೇಳಿಕೊಡಿ.